ಹಳ್ಳ ಬೆಳಗಿದ ಮನೆ

ಕೇಳುಗರಿಗೆ ನಮಸ್ಕಾರ.

ಸಂಜೆಯಾಯಿತೆಂದರೆ ಕೈ ತಾನಾಗಿ ಗೋಡೆಯ ಸ್ವಿಚ್ಚಿನ ಕಡೆ ಹೋಗುತ್ತದೆ. ನಾನು ಇವತ್ತು ಹೇಳಹೊರಟಿರುವ ಮನೆಯ ಪುಸ್ತಕದ ಕೋಣೆಯಲ್ಲಿ ದೀಪ ಹಚ್ಚಬೇಕಾದರೆ ಹೂದಾನಿಯನ್ನು ಎತ್ತಿ ಅದರ ಪೀಠದ ಮೇಲೆ ಕೂರಿಸಬೇಕಿತ್ತು. ಆರಿಸಬೇಕೆ? ಹೂದಾನಿಯನ್ನು ಪೀಠದಿಂದ ಎತ್ತಿದರೆ ಸಾಕು. ಅದು 1880ರ ಮಾತು.

ಆ ಹೂದಾನಿಗಳು ತಾಮ್ರದ ಮೇಲೆ ಎನಾಮಲ್ ಬಣ್ಣ ಕೂರಿಸಿ ಮಾಡಿದವು. ನೆತ್ತಿಯ ಮೇಲೆ ಗಾಜಿನ ಬಲ್ಬು. ಪೀಠದ ನಡುವೆ ಪಾದರಸ ತುಂಬಿದ ಪುಟ್ಟ ಬಟ್ಟಲು. ಬಲ್ಬಿನಿಂದ ಇಳಿದುಬಂದ ತಂತಿ ಹೂದಾನಿಯ ತಳದ ತೂತಿನಿಂದ ಹೊರಬಿದ್ದು, ಅದರ ಬರಿಯ ತುದಿ ಪಾದರಸದಲ್ಲಿ ಮುಳುಗುತ್ತಿತ್ತು. ಕರೆಂಟು ಆ ದಾರಿಯಲ್ಲಿ ಮೇಲೇರಿ ಬಲ್ಬನ್ನು ಬೆಳಗಿಸಿ, ಹೂದಾನಿಯ ತಾಮ್ರದ ಮೈಯಿಂದಲೇ ಕೆಳಗಿಳಿದು ಮರಳುತ್ತಿತ್ತು. ಅಂದರೆ ಹೂದಾನಿಯೇ ತಂತಿ, ಹೂದಾನಿಯೇ ಸ್ವಿಚ್ಚು. ಸ್ವಿಚ್ಚುಗಳನ್ನು ಅಂಗಡಿಯಿಂದ ಕೊಂಡು ತರುವ ಕಾಲ ಇನ್ನೂ ಬಂದಿರಲಿಲ್ಲ. ಮನೆಯ ಯಜಮಾನ ತಾನೇ ಯೋಚಿಸಿ ಹೂಡಿದ ಉಪಾಯ ಇದು.

ಮನೆಯ ಹೆಸರು ಕ್ರ್ಯಾಗ್‌ಸೈಡ್. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ನಾರ್ತಂಬರ್‌ಲ್ಯಾಂಡಿನ ರಾತ್‌ಬರಿ ಊರಿನ ಹತ್ತಿರ, ಬಂಡೆಗಳೇ ತುಂಬಿದ ಗುಡ್ಡದ ಮೇಲಿದೆ. ಯಜಮಾನನ ಹೆಸರು ವಿಲಿಯಂ ಆರ್ಮ್‌ಸ್ಟ್ರಾಂಗ್. 1810ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಬಿಡದ ಕೆಮ್ಮು. ಹಳ್ಳಿಯ ಗಾಳಿ ಕುಡಿದರೆ ವಾಸಿಯಾದೀತೆಂದು ರಾತ್‌ಬರಿಗೆ ಕರೆತರುತ್ತಿದ್ದರು. ಅಲ್ಲಿ ಕಾಕೆಟ್ ಎಂಬ ನದಿಗೆ ಗಾಳ ಹಾಕಿ ಕೂರುವುದೇ ಹುಡುಗನ ಸುಖ. ನೀರಿನ ಗೀಳು ಹತ್ತಿದ್ದು ಅಲ್ಲೇ ಎಂದು ನನಗೆ ಅನಿಸುತ್ತದೆ.

ಓದಿದ್ದು ಕಾನೂನು. ಹನ್ನೊಂದು ವರ್ಷ ವಕೀಲಿಕೆಯನ್ನೂ ಮಾಡಿದರು. ಆ ದಿನಗಳಲ್ಲಿ ಒಮ್ಮೆ ಮೀನು ಹಿಡಿಯಲು ಹೋದಾಗ ನೀರಿನ ಚಕ್ರದಿಂದ ಓಡುವ ಹಳೆಯ ಗಿರಣಿಯೊಂದು ಕಣ್ಣಿಗೆ ಬಿತ್ತು. ಅಷ್ಟು ಎತ್ತರದಿಂದ ಇಳಿದು ಬರುವ ನೀರಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ಚಕ್ರಕ್ಕೆ ಸಿಗುತ್ತಿದೆ, ಉಳಿದದ್ದೆಲ್ಲ ಪೋಲು ಎಂದು ಲೆಕ್ಕ ಹಾಕಿದರು. ಆ ಲೆಕ್ಕ ತಲೆಯಿಂದ ಇಳಿಯಲೇ ಇಲ್ಲ. ಮುಂದೆ ನೀರಿನ ಒತ್ತಡದಿಂದ ಭಾರ ಎತ್ತುವ ಕ್ರೇನ್ ಕಂಡುಹಿಡಿದರು. 1847ರಲ್ಲಿ ವಕೀಲಿಕೆ ಬಿಟ್ಟು, ಟೈನ್ ನದಿಯ ದಡದ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ತೆರೆದರು.

ರಾತ್‌ಬರಿಗೆ ಅವರು ಮತ್ತೆ ಬಂದದ್ದು 1863ರಲ್ಲಿ, ಐವತ್ತು ದಾಟಿದ ಮೇಲೆ. ಜಾಗ ಕೊಂಡು, ರಜೆಗೆ ಬಂದು ತಂಗಲೆಂದು ಚಿಕ್ಕ ಮನೆ ಕಟ್ಟಿಸಿದರು. 1869ರಿಂದ ರಿಚರ್ಡ್ ನಾರ್ಮನ್ ಶಾ ಎಂಬ ವಾಸ್ತುಶಿಲ್ಪಿ ಕೈಹಾಕಿ, ಹದಿನೈದು ವರ್ಷ ಅದಕ್ಕೆ ಕೋಣೆ, ಗೋಪುರ, ಹೊಗೆಗೂಡುಗಳನ್ನು ಸೇರಿಸುತ್ತಲೇ ಹೋದರು. ಆರ್ಮ್‌ಸ್ಟ್ರಾಂಗ್ ಬೋಳುಗುಡ್ಡದ ಮೇಲೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಗಿಡಮರ ನೆಡಿಸಿದರು. ಬಂಡೆಗಳ ನಡುವಿನ ತೋಟಕ್ಕೆ ಜೀವ ಕೊಟ್ಟವರು ಪತ್ನಿ ಮಾರ್ಗರೆಟ್.

ಆದರೆ ಈ ಮನೆಯ ಜೀವಾಳ ನೀರು. ಹಳ್ಳಗಳಿಗೆ ಒಡ್ಡು ಕಟ್ಟಿ ಐದು ಕೆರೆ ಮಾಡಿಕೊಂಡರು. ಆ ನೀರಿನ ಒತ್ತಡದಿಂದ ಲಿಫ್ಟು ಮೇಲೆ ಕೆಳಗೆ ಓಡಾಡಿತು. ಅಡುಗೆಮನೆಯಲ್ಲಿ ಒಲೆಯ ಮುಂದೆ ಮಾಂಸ ಸುಡುವ ಸರಳು ತಾನಾಗಿ ತಿರುಗಿತು. ಒಂದು ಕಾಲದಲ್ಲಿ ಬೆಂಕಿಯ ಮುಂದೆ ಕೂತು ಆ ಸರಳು ತಿರುಗಿಸುವುದು ಶ್ರೀಮಂತರ ಮನೆಗಳ ಆಳುಮಕ್ಕಳ ಪಾಲಿನ ಕೆಲಸವಾಗಿತ್ತು. ಇಂಥ ಮನೆಗಳ ಇತಿಹಾಸ ಓದುವಾಗ ನನ್ನ ಕಣ್ಣು ಮೊದಲು ಹುಡುಕುವುದು ಅಡುಗೆಮನೆಯನ್ನೇ. ಕಟ್ಟಿಗೆ, ಕಲ್ಲಿದ್ದಲು, ನೀರು ಹೊತ್ತವರು ಯಾರು ಎಂದು ಗೊತ್ತಾಗುವುದು ಅಲ್ಲಿಯೇ.

ಇನ್ನು ಬೆಳಕಿನ ವಿಷಯ. 1878ರಲ್ಲಿ ಡೆಬ್ಡನ್ ಹಳ್ಳದ ನೀರನ್ನು ಟರ್ಬೈನ್ ಎಂಬ ನೀರಿನ ಚಕ್ರಕ್ಕೆ ಹಾಯಿಸಿ, ಕರೆಂಟು ಹುಟ್ಟಿಸುವ ಸೀಮೆನ್ಸ್ ಕಂಪನಿಯ ಡೈನಮೊ ತಿರುಗಿಸಿ, ಸುಮಾರು ಒಂದೂವರೆ ಕಿಲೋಮೀಟರ್ ದೂರದ ಮನೆಗೆ ತಂತಿ ಎಳೆದರು. ಚಿತ್ರಶಾಲೆಯಲ್ಲಿ ಆರ್ಕ್ ದೀಪ, ಅಂದರೆ ಎರಡು ಇಂಗಾಲದ ಕಡ್ಡಿಗಳ ನಡುವೆ ಕರೆಂಟು ಹಾರಿ ಬೆಳಗುವ ದೀಪ, ಉರಿಯಿತು. ಜಲವಿದ್ಯುತ್ತಿನಿಂದ ಬೆಳಗಿದ ಜಗತ್ತಿನ ಮೊದಲ ಮನೆ ಎಂಬ ಹೆಸರು ಕ್ರ್ಯಾಗ್‌ಸೈಡಿಗೆ ಬಂದದ್ದು ಹೀಗೆ. ಆರ್ಕ್ ದೀಪದ ಬೆಳಕು ಕಣ್ಣಿಗೆ ಚುಚ್ಚುವಂಥದ್ದು, ಕೂತು ಓದಲು ಹೇಳಿಮಾಡಿಸಿದ್ದಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಗೆಳೆಯ ಜೋಸೆಫ್ ಸ್ವಾನ್, ತಾವು ಕಂಡುಹಿಡಿದ ಗಾಜಿನ ಬಲ್ಬುಗಳನ್ನು ತಂದು ಕೂರಿಸಿದರು. ಮೊದಲಿಗೆ ಹೇಳಿದ ಹೂದಾನಿಗಳ ನೆತ್ತಿಗೆ ಏರಿದ್ದು ಅವೇ.

ನ್ಯೂಕಾಸಲ್ ಎಂದರೆ ಕಲ್ಲಿದ್ದಲಿನ ಊರು. ಆ ಊರಿನ ಮನುಷ್ಯ ಒಂದು ಚೂರು ಕಲ್ಲಿದ್ದಲನ್ನೂ ಸುಡದೆ ದೀಪ ಹಚ್ಚಿದ. 1863ರಲ್ಲೇ, ಅದೇ ಊರಿನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಅಧ್ಯಕ್ಷರಾಗಿ ನಿಂತು, ಇಂಗ್ಲೆಂಡಿನ ಕಲ್ಲಿದ್ದಲು ಎಂದಾದರೂ ಮುಗಿಯುವಂಥದ್ದೇ ಎಂದು ಎಚ್ಚರಿಸಿದ್ದರು. ಬಿಸಿಲಿನ ಶಕ್ತಿಯ ಬಗ್ಗೆಯೂ ಮಾತಾಡಿದ್ದರು. ನಮ್ಮ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲಿ. ಈಗಲೂ ಮಲೆನಾಡಿನ ಒಂಟಿಮನೆಗಳಲ್ಲಿ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಪುಟ್ಟ ಟರ್ಬೈನ್ ತಿರುಗಿಸಿ ದೀಪ ಹಚ್ಚಿಕೊಳ್ಳುವವರಿದ್ದಾರೆ. ಮಳೆಗಾಲದಲ್ಲಿ ಅಂಥ ಮನೆಯ ಜಗುಲಿಯ ಮೇಲೆ ಕೂತವರಿಗೆ ಆರ್ಮ್‌ಸ್ಟ್ರಾಂಗರ ಸಂತೋಷ ಎಂಥದ್ದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಈ ಮನೆಗೆ ದುಡ್ಡು ಬಂದದ್ದು ಕ್ರೇನಿನಿಂದ ಮಾತ್ರವೇ ಅಲ್ಲ. 1850ರ ದಶಕದಲ್ಲಿ ಬ್ರಿಟನ್ ರಷ್ಯಾದ ಎದುರು ಹೋರಾಡಿದ ಕ್ರಿಮಿಯನ್ ಯುದ್ಧದ ಕಾಲದಲ್ಲಿ ಆರ್ಮ್‌ಸ್ಟ್ರಾಂಗ್ ಹಗುರವಾದ, ಗುರಿ ತಪ್ಪದ ಹೊಸ ಫಿರಂಗಿ ಮಾಡಿದರು. ಅದರ ಪೇಟೆಂಟನ್ನು ಸರಕಾರಕ್ಕೆ ಬಿಟ್ಟುಕೊಟ್ಟು 1859ರಲ್ಲಿ ಸರ್ ಪದವಿ ಪಡೆದರು. ಎಲ್ಸ್‌ವಿಕ್ ಕಾರ್ಖಾನೆ ಮುಂದೆ ದೇಶದೇಶಗಳಿಗೆ ತೋಪು, ಯುದ್ಧನೌಕೆಗಳನ್ನು ಮಾರಿತು. ಪರ್ಷಿಯಾದ, ಅಂದರೆ ಈಗಿನ ಇರಾನಿನ ದೊರೆ ಷಾ, ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ ರಾಜ ಇದೇ ಮನೆಗೆ ಅತಿಥಿಗಳಾಗಿ ಬಂದು ಹೋದರು. ಹೂದಾನಿಯ ಮೆತ್ತನೆ ಬೆಳಕನ್ನು ನೆನೆದಾಗಲೆಲ್ಲ ಆ ತೋಪುಗಳೂ ನನಗೆ ನೆನಪಾಗುತ್ತವೆ, ಮನಸ್ಸು ಕಲಕುತ್ತದೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಲು ನನ್ನಿಂದ ಆಗದು.

1884ರ ಆಗಸ್ಟಿನಲ್ಲಿ ಬ್ರಿಟನ್ನಿನ ಯುವರಾಜ, ಅಂದರೆ ವೇಲ್ಸ್ ರಾಜಕುಮಾರ, ಹೆಂಡತಿ ಮಕ್ಕಳೊಡನೆ ಬಂದಾಗ ಗುಡ್ಡದ ತುಂಬ ಸಾವಿರಾರು ದೀಪ ಹಚ್ಚಿದ್ದರು. 1893ರಲ್ಲಿ ಮಾರ್ಗರೆಟ್ ತೀರಿಕೊಂಡರು. ಮಕ್ಕಳಿರಲಿಲ್ಲ. ಎಂಬತ್ತು ದಾಟಿದ ಆರ್ಮ್‌ಸ್ಟ್ರಾಂಗ್ ವಿದ್ಯುತ್ತಿನ ಕಿಡಿಗಳ ಫೋಟೊ ತೆಗೆಯುತ್ತಾ, ಆ ಪ್ರಯೋಗಗಳನ್ನು 1897ರಲ್ಲಿ ಪುಸ್ತಕವಾಗಿ ಹೊರತಂದರು. 1900ರ ಡಿಸೆಂಬರ್ 27ರಂದು ಕ್ರ್ಯಾಗ್‌ಸೈಡಿನಲ್ಲೇ ಕಣ್ಣು ಮುಚ್ಚಿದರು. ಆಸ್ತಿ ಬಂಧುವಿನ ಕೈಗೆ ಹೋಯಿತು. 1910ರಲ್ಲಿ ಒಳ್ಳೊಳ್ಳೆಯ ಚಿತ್ರಗಳು ಮಾರಾಟವಾದವು. 1977ರಲ್ಲಿ ಮನೆ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಿಗೆ ಬಂತು.

2014ರಲ್ಲಿ ಅಲ್ಲಿ ಹೊಸದೊಂದು ಯಂತ್ರ ಕೂರಿಸಿದರು. ಹದಿನೇಳು ಮೀಟರ್ ಉದ್ದದ ಕಬ್ಬಿಣದ ತಿರುಪು, ದೊಡ್ಡ ಸ್ಕ್ರೂ ಅನ್ನಿ. ಟಂಬಲ್ಟನ್ ಕೆರೆಯ ನೀರು ಅದರ ಸುರುಳಿಯಲ್ಲಿ ಇಳಿಯುತ್ತಾ ಅದನ್ನು ತಿರುಗಿಸುತ್ತದೆ, ಮನೆಯ ಬಲ್ಬುಗಳಿಗೆ ಕರೆಂಟು ಹೋಗುತ್ತದೆ. ಇಳಿದ ನೀರು ಡೆಬ್ಡನ್ ಹಳ್ಳ ಹಿಡಿಯುತ್ತದೆ. ಹಳ್ಳ ಹೋಗಿ ಕಾಕೆಟ್ ನದಿಯನ್ನು ಸೇರುತ್ತದೆ, ಕೆಮ್ಮಿನ ಹುಡುಗ ಗಾಳ ಹಿಡಿದು ಕೂರುತ್ತಿದ್ದನಲ್ಲ, ಅದೇ ನದಿಯನ್ನು.

ನಮಸ್ಕಾರ.