ಸರ್ಪಸುತ್ತು ಹೋದಮೇಲೂ ಉಳಿದ ಉರಿ

ಎಲ್ಲರಿಗೂ ನಮಸ್ಕಾರ. ನಾನು ವೈದ್ಯೆಯಲ್ಲ, 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ನಾಲ್ಕು ವರ್ಷದಿಂದ ನರದ ನೋವಿನ ಜೊತೆ ಬದುಕುತ್ತಿದ್ದೇನೆ. ಆ ನೋವಿಗೆ ಮಾತ್ರೆಯ ಜೊತೆಗೆ ಇನ್ನೇನೇನು ಮಾಡಿ ನೋಡಿದೆ, ಅದರಲ್ಲಿ ಏನು ಉಳಿಯಿತು ಅನ್ನುವುದನ್ನು ಹೇಳಲು ಬಂದಿದ್ದೇನೆ.

ಶುರುವಾಗಿದ್ದು ಎಡಗಡೆ ಎದೆಯ ಕೆಳಗೆ. ಬೆನ್ನಿನಿಂದ ಮುಂದಕ್ಕೆ ಒಂದು ಪಟ್ಟಿಯ ಹಾಗೆ ಉರಿ. ಎರಡು ದಿನ ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿದ್ದೆ. ಮೂರನೇ ದಿನ ನೀರುಗುಳ್ಳೆ ಎದ್ದವು. ನಮ್ಮ ಅತ್ತೆ ನೋಡಿ, "ಸರ್ಪಸುತ್ತು ಕಣೇ, ತಲೆ ಬಾಲ ಕೂಡಬಾರದು" ಅಂದರು. ಕಾವಿಕಲ್ಲು ತೇದು ಗುಳ್ಳೆಗಳ ಎರಡೂ ತುದಿಗೆ ಬಳಿದರು. ಅವರದು ನಿಜವಾದ ಕಾಳಜಿ, ನನಗೂ ಸಮಾಧಾನ ಆಯಿತು. ಹೀಗೆ ಐದು ದಿನ ಕಳೆದವು.

ಆ ಐದು ದಿನದ ಬಗ್ಗೆ ನನಗೆ ಇವತ್ತಿಗೂ ದುಃಖವಿದೆ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸ್‌ನ ವೈರಾಣು ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕ, ನರದ ಬುಡದಲ್ಲಿರುವ ಗಂಟಿನಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು, ಒಂದೇ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಆ ನರ ಮೈಯ ಒಂದು ಪಕ್ಕಕ್ಕೆ ಮಾತ್ರ ಸೇರಿದ್ದು. ಹಾಗಾಗಿ ಗುಳ್ಳೆಗಳ ಸಾಲು ಸಾಮಾನ್ಯವಾಗಿ ನಡುಗೆರೆಗೆ ಬಂದು ನಿಲ್ಲುತ್ತದೆ. ತಲೆ ಬಾಲ ಕೂಡದೆ ಇರುವುದಕ್ಕೆ ಕಾರಣ ಕಾವಿಯಲ್ಲ, ನರದ ಆ ಹರವು. ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿಯೇ ಒಣಗುತ್ತವೆ, ಹೆಸರು ಕಾವಿಗೆ ಬರುತ್ತದೆ. ಆದರೆ ಎಸಿಕ್ಲೋವಿರ್, ವಾಲಸಿಕ್ಲೋವಿರ್‌ನಂಥ ವೈರಾಣು ತಡೆಯುವ ಮಾತ್ರೆಗಳನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಫಲ. ನಾನು ಆಸ್ಪತ್ರೆಗೆ ಹೋದಾಗ ಆ ಹೊತ್ತು ದಾಟಿತ್ತು. ಹಣೆಯ ಮೇಲೆ, ಕಣ್ಣಿನ ಸುತ್ತ ಗುಳ್ಳೆ ಬಂದರಂತೂ ಅದೇ ದಿನ ಹೋಗಬೇಕು, ದೃಷ್ಟಿಗೇ ಅಪಾಯ.

ಗುಳ್ಳೆ ಮಾಯ್ದು ಮೂರು ತಿಂಗಳಾದರೂ ಉರಿ ನಿಲ್ಲಲಿಲ್ಲ. ಫ್ಯಾನ್ ಗಾಳಿ ತಾಗಿದರೆ ಕರೆಂಟ್ ಹೊಡೆದ ಹಾಗೆ. ಸೀರೆಯ ಸೆರಗು ಸೋಕಿದರೆ ಕಣ್ಣಲ್ಲಿ ನೀರು. ಗಾಯವೇ ಕಾಣದ ಜಾಗದಲ್ಲಿ ಇಷ್ಟು ನೋವು ಅಂದರೆ ಮನೆಯವರಿಗೂ ನಂಬುವುದು ಕಷ್ಟ. ವೈದ್ಯರು ಪ್ರೀಗ್ಯಾಬಲಿನ್ ಎಂಬ ನರದ ನೋವಿನ ಮಾತ್ರೆ ಕೊಟ್ಟರು. ನೋವು ಕಡಿಮೆಯಾಯಿತು, ಹೋಗಲಿಲ್ಲ. ಹಗಲೆಲ್ಲ ತೂಕಡಿಕೆ ಬೇರೆ. ಆಗ ಬೇರೆ ದಾರಿ ಹುಡುಕಿದೆ. ಮಾತ್ರೆ ಮಾತ್ರ ಬಿಡಲಿಲ್ಲ, ಅದನ್ನು ತಟಕ್ಕನೆ ನಿಲ್ಲಿಸಲೂಬಾರದು.

ಒಂದು ಕಟ್ಟುಪಾಡು ಹಾಕಿಕೊಂಡೆ. ಒಂದು ಸಲಕ್ಕೆ ಒಂದೇ ಚಿಕಿತ್ಸೆ, ಕನಿಷ್ಠ ಒಂದು ತಿಂಗಳು. ರಾತ್ರಿ ಒಂಬತ್ತಕ್ಕೆ ನೋಟುಬುಕ್ಕಿನಲ್ಲಿ ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಒಂದು ಅಂಕಿ, ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಎಂದು. ನರದ ನೋವು ಏರುತ್ತದೆ, ಇಳಿಯುತ್ತದೆ. ತೀರಾ ಏರಿದಾಗಲೇ ನಾವು ಹೊಸ ಮದ್ದಿಗೆ ಕೈಹಾಕುತ್ತೇವೆ, ಆಮೇಲೆ ತಾನಾಗಿ ಇಳಿದರೂ ಮದ್ದೇ ಇಳಿಸಿತು ಅಂದುಕೊಳ್ಳುತ್ತೇವೆ. ನನಗೂ ಎರಡು ಸಲ ಹಾಗೆ ಅನ್ನಿಸಿತ್ತು, ನೋಟುಬುಕ್ಕು ತೆರೆದು ನೋಡಿದಾಗ ಗೊತ್ತಾಯಿತು.

ಅಕ್ಯುಪಂಕ್ಚರ್ ಎಂಟು ಸಲ ಮಾಡಿಸಿದೆ. ಸೂಜಿ ಹಾಕಿಸಿಕೊಂಡ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು, ತಿಂಗಳ ಕೊನೆಗೆ ಅಂಕಿ ಮಾತ್ರ ಕದಲಿರಲಿಲ್ಲ. ನರದ ನೋವಿಗೆ ಅದು ಕೆಲಸ ಮಾಡುತ್ತದೆ ಅಥವಾ ಮಾಡುವುದಿಲ್ಲ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಚಿಕಿತ್ಸೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆಯೂ ಹೇಳಿತು. ಬೇರೆಯವರಿಗೆ ಹಿತವಾದರೆ ಮಾಡಿಸಿಕೊಳ್ಳಲಿ, ಸೂಜಿ ಹೊಸದಾಗಿರಲಿ.

ಮೆಣಸಿನಕಾಯಿಯ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಖಾರ ಕೊಡುವ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಬಿಸಿಯನ್ನು ಗುರುತಿಸುವ ನರದ ಬಾಗಿಲೂ ಖಾರವನ್ನು ಗುರುತಿಸುವ ಬಾಗಿಲೂ ಒಂದೇ ಎಂದು ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ತೋರಿಸಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೇ ಖಾರ ತಿಂದರೆ ನಾಲಗೆ "ಸುಟ್ಟಿತು" ಅನ್ನುತ್ತೇವೆ. ಆ ಬಾಗಿಲನ್ನು ದಿನವೂ ತಟ್ಟುತ್ತಿದ್ದರೆ ನರದ ತುದಿಗಳು ಸೋತು ಸುದ್ದಿ ಕಳಿಸುವುದನ್ನೇ ಕಡಿಮೆ ಮಾಡುತ್ತವೆ. ಔಷಧಿ ಅಂಗಡಿಯಲ್ಲಿ ಸಿಗುವ ಮುಲಾಮಿನಲ್ಲಿ ಶೇ. 0.025ರಿಂದ 0.075ರಷ್ಟು ಇರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಲ ಹತ್ತು ದಿನ ಉರಿ ಹೆಚ್ಚೇ ಆಗುತ್ತದೆ, ಅಲ್ಲಿಗೇ ಬಹಳ ಜನ ಬಿಟ್ಟುಬಿಡುತ್ತಾರೆ. ನಾನು ಹಲ್ಲು ಕಚ್ಚಿ ಆರು ವಾರ ಹಚ್ಚಿದೆ. ಏಳರಲ್ಲಿದ್ದ ಅಂಕಿ ಐದಕ್ಕೆ ಬಂತು. ದಯವಿಟ್ಟು ಅಡುಗೆಮನೆಯ ಗುಂಟೂರು ಮೆಣಸಿನಕಾಯಿ ಅರೆದು ಹಚ್ಚಬೇಡಿ, ಅದರಲ್ಲಿ ಅಳತೆಯಿಲ್ಲ. ಗುಳ್ಳೆ ಪೂರ್ತಿ ಮಾಯ್ದಿರಬೇಕು. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣು ಮುಟ್ಟಬಾರದು.

ಎಣ್ಣೆ ತೀಡುವುದರಲ್ಲಿ ಒಂದು ಸಂಗತಿ ಕಲಿತೆ. ನವಿರಾಗಿ ಸವರಿದರೆ ನೋವು ಕೆರಳುತ್ತದೆ, ಅಂಗೈ ಊರಿ ಗಟ್ಟಿಯಾಗಿ ಒತ್ತಿ ಹಿಡಿದರೆ ಸಹಿಸಬಹುದು. ಅದು ತಿಳಿದ ಮೇಲೆ ಹಳೆಯ ಹತ್ತಿ ಪಂಚೆಯನ್ನು ಸೀಳಿ ಎದೆಯ ಸುತ್ತ ಬಿಗಿಯಾಗಿ ಕಟ್ಟಿಕೊಳ್ಳತೊಡಗಿದೆ. ಬಟ್ಟೆ ಅಲುಗದಿದ್ದರೆ ಅರ್ಧ ನೋವೇ ಇಲ್ಲ. ಇಷ್ಟೆಲ್ಲ ಪ್ರಯೋಗದಲ್ಲಿ ಖರ್ಚಿಲ್ಲದೆ ನನ್ನನ್ನು ಮದುವೆ ಮುಂಜಿಗೆ ಮತ್ತೆ ಕರೆದೊಯ್ದದ್ದು ಆ ಪಂಚೆಯ ತುಂಡು.

ಸಕ್ಕರೆ ಕಾಯಿಲೆಯಿಂದ ಕಾಲು ಉರಿಯುವವರು ಇಲ್ಲಿ ಇರಬಹುದು. ನಿಮಗೆ ಬಿಸಿ ಶಾಖ ಬೇಡ. ಉರಿಯೂ ಇರುತ್ತದೆ, ಸ್ಪರ್ಶ ಗೊತ್ತಾಗದೆಯೂ ಇರುತ್ತದೆ, ಎರಡೂ ಒಟ್ಟಿಗೆ. ನಮ್ಮ ಎದುರು ಮನೆಯವರು ಉಪ್ಪು ಹಾಕಿದ ಬಿಸಿನೀರಿನಲ್ಲಿ ಪಾದ ಇಟ್ಟು ಕೂತರು. ಬೊಬ್ಬೆ ಎದ್ದದ್ದು ಅವರಿಗೆ ಗೊತ್ತಾಗಿದ್ದು ಮಾರನೆ ದಿನ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷದಿಂದ ತೆಗೆದುಕೊಳ್ಳುವವರು, ಶುದ್ಧ ಸಸ್ಯಾಹಾರಿಗಳು ಒಮ್ಮೆ ಬಿ12 ಪರೀಕ್ಷೆ ಮಾಡಿಸಿ, ಅದರ ಕೊರತೆಯೂ ನರವನ್ನು ಕೆಡಿಸುತ್ತದೆ. ಅದೇ ಬಿ6 ಅತಿಯಾದರೆ ನರಕ್ಕೆ ಹಾನಿ, ಹಾಗಾಗಿ "ನರಕ್ಕೆ ಒಳ್ಳೆಯದು" ಎಂದು ಕಂಡ ಮಾತ್ರೆಯನ್ನೆಲ್ಲ ನುಂಗುವಂತಿಲ್ಲ.

ಲೇಬಲ್ ಇಲ್ಲದ ಭಸ್ಮ, ಪುಡಿಗಳ ಬಗ್ಗೆ ನನಗೆ ನಿಜವಾಗಿ ಭಯವಿದೆ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ತಾನೇ ನರವನ್ನು ಕೊಲ್ಲುವ ವಸ್ತು. ಆಯುರ್ವೇದದ ಮೇಲೆ ನನಗೆ ಗೌರವವಿದೆ, ಓದಿದ ವೈದ್ಯರ ಹತ್ತಿರ ಹೋಗಿ, ಏನು ಕೊಟ್ಟರು ಎಂದು ಬರೆಸಿಕೊಂಡು ಬನ್ನಿ.

ಕೊನೆಗೆ ಈ ಪುಟ್ಟ ಯಂತ್ರ, ಟೆನ್ಸ್ ಅನ್ನುತ್ತಾರೆ, ಚರ್ಮಕ್ಕೆ ಅಂಟಿಸಿದ ಪಟ್ಟಿಗಳ ಮೂಲಕ ಸಣ್ಣಗೆ ಕರೆಂಟು ಹರಿಸುತ್ತದೆ. ಮಂಡಿ ಬಡಿದುಕೊಂಡರೆ ತಕ್ಷಣ ಉಜ್ಜಿಕೊಳ್ಳುತ್ತೇವಲ್ಲ, ಸ್ಪರ್ಶದ ಸುದ್ದಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಇದನ್ನು ಬೆನ್ನುಹುರಿಯಲ್ಲಿರುವ ಗೇಟಿನಂತೆ ವಿವರಿಸಿದರು. ನಾನು ಉರಿಯುವ ಜಾಗದ ಮೇಲಲ್ಲ, ಅದರ ಪಕ್ಕಕ್ಕೆ ಪಟ್ಟಿ ಅಂಟಿಸಿ ಅರ್ಧ ಗಂಟೆ ಇಡುತ್ತೇನೆ. ಹಾಕಿದಷ್ಟು ಹೊತ್ತು, ಆಮೇಲೆ ಒಂದು ತಾಸು ಹಗುರ. ಸಂಜೆ ಅಡುಗೆ ಮಾಡಲು ನನಗೆ ಅಷ್ಟು ಹೊತ್ತು ಸಾಕು.

50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಎರಡು ಡೋಸು. ದುಬಾರಿಯೇ. ನನ್ನ ತಂಗಿಗೆ ಹೋದ ವರ್ಷ ಹಟ ಹಿಡಿದು ಹಾಕಿಸಿದೆ.

ಯಂತ್ರಕ್ಕೆ ಹೊಸ ಪಟ್ಟಿಗಳನ್ನು ತಂದಿದ್ದೇನೆ. ಪೇಸ್‌ಮೇಕರ್ ಇರುವವರು ಬಿಟ್ಟು ಉಳಿದವರು ಒಬ್ಬೊಬ್ಬರಾಗಿ ಮುಂದೆ ಬನ್ನಿ, ಅಂಗೈ ಮೇಲೆ ಅಂಟಿಸಿ ತೋರಿಸುತ್ತೇನೆ. ನೋಟುಬುಕ್ಕು ಮೇಜಿನ ಮೇಲಿದೆ, ತೆರೆದು ನೋಡಬಹುದು.