ರಾಣಿ ಲೂಯಿಸೆಯ ಹೆಸರಿನ ನೂರು ಶಿಲುಬೆಗಳು

[ಪರದೆಯಲ್ಲಿ: ಕಪ್ಪು ಎನಾಮಲ್ ಲೇಪಿಸಿದ ಪುಟ್ಟ ಶಿಲುಬೆ ನಿಧಾನವಾಗಿ ತಿರುಗುತ್ತಿದೆ]

ನಮಸ್ಕಾರ. ಈ ಶಿಲುಬೆಯ ನಡುಭಾಗವನ್ನು ನೋಡಿ. ತಿಳಿನೀಲಿ ಬಿಲ್ಲೆ, ಅದರಲ್ಲಿ ‘ಎಲ್’ ಎಂಬ ಒಂದೇ ಅಕ್ಷರ, ಸುತ್ತಲೂ ಏಳು ನಕ್ಷತ್ರಗಳು. ಹಿಂಬದಿಯಲ್ಲಿ 1813/14 ಎಂದು ಬರೆದಿದೆ. ಬರ್ಲಿನ್ ರಾಜಧಾನಿಯಾಗಿದ್ದ ಹಳೆಯ ಜರ್ಮನ್ ರಾಜ್ಯ ಪ್ರಷ್ಯಾದ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮ್ 1814ರ ಆಗಸ್ಟ್ 3ರಂದು ಹೆಂಗಸರಿಗೆಂದೇ ಸ್ಥಾಪಿಸಿದ ಲೂಯಿಸೆ ಆರ್ಡರ್ ಇದು. ಆರ್ಡರ್ ಎಂದರೆ ಬರಿಯ ಪದಕವಲ್ಲ. ಪದಕ ಪಡೆದವರು ಒಂದು ಕೂಟದ ಸದಸ್ಯರೂ ಆಗುತ್ತಿದ್ದರು.

[ಪರದೆಯಲ್ಲಿ: ರಾಣಿ ಲೂಯಿಸೆಯ ಚಿತ್ರ]

‘ಎಲ್’ ಅಂದರೆ ಲೂಯಿಸೆ, ದೊರೆಯ ಮಡದಿ. ನೆಪೋಲಿಯನ್ ಪ್ರಷ್ಯಾವನ್ನು ಸೋಲಿಸಿದಾಗ, 1807ರಲ್ಲಿ ಟಿಲ್ಸಿಟ್ ಊರಿನಲ್ಲಿ ಅವನನ್ನು ಮುಖಾಮುಖಿ ಕಂಡು, ಮಾಗ್ದೆಬರ್ಗ್ ನಗರವನ್ನಾದರೂ ಬಿಟ್ಟುಕೊಡಿ ಎಂದು ಕೇಳಿಕೊಂಡವಳು. ಅವನು ಕೊಡಲಿಲ್ಲ. ರಾಜ್ಯದ ಹೆಚ್ಚುಕಡಿಮೆ ಅರ್ಧ ಕೈಬಿಟ್ಟಿತು. ಮೂರು ವರ್ಷಗಳ ನಂತರ, 34ನೆಯ ವಯಸ್ಸಿಗೇ ಆಕೆ ತೀರಿಕೊಂಡಳು. ಮುಂದೆ ನೆಪೋಲಿಯನ್ ವಿರುದ್ಧ ಯುದ್ಧ ಹೂಡಿದಾಗ ದೊರೆ ಸೈನಿಕರಿಗೆಂದು ಐರನ್ ಕ್ರಾಸ್, ಅಂದರೆ ಕಬ್ಬಿಣದ ಶಿಲುಬೆ ಎಂಬ ಪದಕ ಸ್ಥಾಪಿಸಿದ. ಅದಕ್ಕೆ ಹಾಕಿದ ದಿನಾಂಕ 1813ರ ಮಾರ್ಚ್ 10, ಲೂಯಿಸೆಯ ಹುಟ್ಟುಹಬ್ಬ!

[ಪರದೆಯಲ್ಲಿ: ಕಬ್ಬಿಣದ ಉಂಗುರ]

ಬೊಕ್ಕಸ ಬರಿದಾಗಿತ್ತು. ರಾಜಮನೆತನದ ಸೊಸೆ ಮರಿಯಾನೆ ಮೊದಲಾದವರು ಹೆಂಗಸರಿಗೆ ಕರೆ ಕೊಟ್ಟರು: ಚಿನ್ನ ಕೊಡಿ. ಕೊಟ್ಟವರಿಗೆ ಬದಲಿಗೆ ಸಿಕ್ಕಿದ್ದು ಕಬ್ಬಿಣದ ಒಡವೆ. ‘ಕಬ್ಬಿಣಕ್ಕಾಗಿ ಚಿನ್ನ ಕೊಟ್ಟೆ’ ಎಂಬುದು ಆ ಕಾಲದ ಘೋಷವಾಕ್ಯ. ಬ್ರೆಸ್ಲಾವ್ ನಗರದಲ್ಲಿ ಫರ್ಡಿನಾಂಡೆ ಫಾನ್ ಶ್ಮೆಟ್ಟಾವ್ ಎಂಬ ಹುಡುಗಿಯ ಬಳಿ ಕೊಡಲು ಒಡವೆಯೇ ಇರಲಿಲ್ಲ. ತಲೆಗೂದಲನ್ನೇ ಕತ್ತರಿಸಿ ಮಾರಿ, ಬಂದ ಹಣವನ್ನು ಕೊಟ್ಟಳು.

ಈಗ ಮತ್ತೆ ಶಿಲುಬೆಗೆ ಬರೋಣ. ಹೊರಗೆ ಐರನ್ ಕ್ರಾಸಿನಂತೆಯೇ ಕಪ್ಪು, ಒಳಗಿರುವುದು ಚಿನ್ನ. ಕಬ್ಬಿಣಕ್ಕಾಗಿ ಕೊಟ್ಟ ಚಿನ್ನ ಕಬ್ಬಿಣದ ಬಣ್ಣ ಬಳಿದುಕೊಂಡು ಹಿಂತಿರುಗಿದಂತೆ ನನಗೆ ಕಾಣುತ್ತದೆ. ದೊರೆ ಹಾಗೆ ಯೋಚಿಸಿದ್ದನೆಂದು ಹೇಳುತ್ತಿಲ್ಲ, ಅದು ನನ್ನ ಕಲ್ಪನೆ.

ಗಾಯಾಳುಗಳ ಆರೈಕೆ ಮಾಡಿದವರಿಗೆ, ಯುದ್ಧಕ್ಕೆ ನೆರವಾದವರಿಗೆ ಈ ಗೌರವ. ಮದುವೆಯಾದವರು, ಆಗದವರು ಎಂಬ ಭೇದವಿಲ್ಲ. ಆಯ್ಕೆಯ ಸಮಿತಿಗೆ ಅದೇ ಮರಿಯಾನೆ ಮುಖ್ಯಸ್ಥೆ. ಬಿಳಿ ರಿಬ್ಬನ್ನಿಗೆ ಕಪ್ಪು ಅಂಚು, ಎಡ ಎದೆಯ ಮೇಲೆ ಬಿಲ್ಲುಗಂಟು. ಆದರೆ ಸದಸ್ಯೆಯರು ನೂರೇ ಮಂದಿ. ಗಂಡಸರ ಐರನ್ ಕ್ರಾಸಿಗೆ ಇಂಥ ಮಿತಿ ಇರಲಿಲ್ಲ, ಅದು ಸಾವಿರಾರು ಎದೆಗಳನ್ನು ಏರಿತು. ಆಸ್ಪತ್ರೆಗಳಲ್ಲಿ ರಾತ್ರಿಗಟ್ಟಲೆ ಎಚ್ಚರವಿದ್ದವರು ನೂರೇ ಮಂದಿಯೇ?

[ಪರದೆಯಲ್ಲಿ: ಬವೇರಿಯಾದ ನಕ್ಷೆ]

ಆದರೂ ಇನ್ನೊಂದು ಜರ್ಮನ್ ರಾಜ್ಯವಾದ ನೆರೆಯ ಬವೇರಿಯಾಕ್ಕಿಂತ ಇದು ವಾಸಿ. ಅಲ್ಲಿ ರಾಣಿ ಥೆರೇಸೆ 1827ರಲ್ಲಿ ಸ್ಥಾಪಿಸಿದ ಆರ್ಡರ್ ಕುಲೀನ ಮನೆತನದ ಅವಿವಾಹಿತೆಯರಿಗೆ ಮೀಸಲು. ಅವರಲ್ಲಿ ಹನ್ನೆರಡು ಮಂದಿಗೆ ವರ್ಷಾಶನ ಇತ್ತು. ಮದುವೆಯಾದರೆ ಅದು ನಿಂತುಹೋಗುತ್ತಿತ್ತು. ಸಾಧನೆಗಿಂತ ವಂಶವೇ ಅರ್ಹತೆ.

[ಪರದೆಯಲ್ಲಿ: ಬರ್ಲಿನ್ನಿನ ಹಳೆಯ ಬೀದಿಯ ಚಿತ್ರ]

ನನ್ನನ್ನು ಹಿಡಿದು ನಿಲ್ಲಿಸುವವಳು ಅಮಾಲಿಯೆ ಬೇರ್. ಬರ್ಲಿನ್ನಿನ ಶ್ರೀಮಂತ ಯೆಹೂದಿ ಗೃಹಿಣಿ, ಒಪೇರಾ ಸಂಗೀತಗಾರ ಮೇಯರ್ಬೇರ್‌ನ ತಾಯಿ. ಗಾಯಗೊಂಡ ಸೈನಿಕರಿಗೆ ಧಾರಾಳವಾಗಿ ನೆರವಾದ ಆಕೆಗೆ 1816ರಲ್ಲಿ ಲೂಯಿಸೆ ಆರ್ಡರ್ ಸಂದಿತು. ತೊಡಕೇನೆಂದರೆ, ಗೌರವದ ಆಕಾರವೇ ಕ್ರೈಸ್ತರ ಶಿಲುಬೆ! ದೊರೆ ಆಕೆಯ ಧರ್ಮವನ್ನು ಗಮನಕ್ಕೆ ತಂದುಕೊಂಡು, ಶಿಲುಬೆಯ ಬದಲು ಪದಕದ ರೂಪದಲ್ಲಿ ಕೊಡಿಸಿದ. ಪ್ರಷ್ಯಾ ತನ್ನ ಯೆಹೂದಿಗಳನ್ನು ನಾಗರಿಕರೆಂದು ಒಪ್ಪಿದ್ದೇ 1812ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ ಒಬ್ಬ ಯೆಹೂದಿ ಹೆಂಗಸಿಗಾಗಿ ಅರಮನೆ ತನ್ನ ಪದಕದ ಅಚ್ಚನ್ನು ಬದಲಿಸಿತ್ತು. ಉಳಿದವರ ನಡುವೆ ನಿಂತಾಗ ಆಕೆ ಬೇರೆಯವಳು ಎಂಬುದನ್ನೂ ಅದೇ ಪದಕ ಎಲ್ಲರಿಗೂ ಸಾರುತ್ತಿತ್ತು.