ವರ್ಷ ತುಂಬಿದ ಮೇಲೂ ಎದೆಹಾಲು

ನಮಸ್ಕಾರ. ಅಮ್ಮಂದಿರ ಜೊತೆ ಮನೆಯ ಅಜ್ಜಿಯರೂ ರೇಡಿಯೋ ಹತ್ತಿರ ಬಂದು ಕೂತರೆ ಒಳ್ಳೆಯದು. ಹಾಲು ಬಿಡಿಸುವ ತೀರ್ಮಾನ ಹೆಚ್ಚಾಗಿ ಅವರದ್ದೇ, ಅಲ್ವಾ?

ನಾನು ಮಕ್ಕಳ ವೈದ್ಯೆ. ಹೇಳಲು ಬಂದಿರುವುದು ಒಂದೇ ಮಾತು. ವರ್ಷ ತುಂಬಿತು ಅಂತ ಎದೆಹಾಲು ನಿಲ್ಲಿಸಬೇಡಿ. ಮೊದಲ 6 ತಿಂಗಳು ಬರೀ ಎದೆಹಾಲು. ಆಮೇಲೆ ಊಟದ ಜೊತೆಗೆ ಎದೆಹಾಲು, 2 ವರ್ಷದವರೆಗೆ. ಅಮ್ಮನಿಗೂ ಮಗುವಿಗೂ ಬೇಕು ಅನಿಸಿದರೆ ಆಮೇಲೂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

"ವರ್ಷ ಕಳೆದ ಮೇಲೆ ಅದರಲ್ಲಿ ಏನಿರುತ್ತೆ ಡಾಕ್ಟ್ರೇ, ಬರೀ ನೀರು" ಅನ್ನುತ್ತಾರೆ. ನೀರಲ್ಲ! ಎರಡನೇ ವರ್ಷದಲ್ಲೂ ಮಗುವಿಗೆ ಬೇಕಾದ ಶಕ್ತಿಯ ಮೂರನೇ ಒಂದು ಪಾಲು ಅದರಿಂದ ಸಿಗಬಲ್ಲದು. ಸೋಂಕಿನ ಜೊತೆ ಹೋರಾಡುವ ಗುಣವೂ ಅದರಲ್ಲಿದೆ.

ಸೋಮವಾರಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೆಲಸಗಾರರ ಸಾಲುಮನೆಯಿಂದ, ಒಬ್ಬ ತಾಯಿ ಬಂದಿದ್ದರು. ಕಕ್ಕಡ ತಿಂಗಳ ಜೋರು ಮಳೆಗಾಲ. ಕಂಕುಳಲ್ಲಿ ಒಂದೂವರೆ ವರ್ಷದ ಮಗು, ಎರಡು ದಿನದಿಂದ ಭೇದಿ. ಗಂಜಿ ಬೇಡ, ಬಾಳೆಹಣ್ಣು ಬೇಡ. ಓಆರ್‌ಎಸ್ ಬಾಯಿಗಿಟ್ಟರೆ ಉಗುಳುತ್ತಿತ್ತು. "ಎದೆಹಾಲು ಕುಡಿಯುತ್ತಾ?" ಅಂತ ಕೇಳಿದೆ. ತಾಯಿ ಮಾತಾಡಲಿಲ್ಲ. ಜೊತೆಗಿದ್ದ ಅತ್ತೆ ಹೇಳಿದರು: "ಬಿಡಿಸ್ತಾ ಇದ್ದೇವೆ. ಬೇವು ಅರೆದು ಹಚ್ಚಿದ್ದೇವೆ. ಇಷ್ಟು ದೊಡ್ಡ ಮಗು ಕುಡಿದರೆ ನೋಡಿದವರು ನಗ್ತಾರೆ." ಮಗು ಮಾತ್ರ ಸೆರಗು ಎಳೆಯುತ್ತಲೇ ಇತ್ತು. "ತೊಳೆದುಕೊಂಡು ಬಂದು ಕುಡಿಸಮ್ಮ" ಎಂದೆ. ಮೊದಲು ಮುಖ ತಿರುಗಿಸಿತು. ಆಮೇಲೆ ಬಾಯಿಟ್ಟಿದ್ದು ಬಿಡಲೇ ಇಲ್ಲ. ನಡುನಡುವೆ ಚಮಚದಲ್ಲಿ ಓಆರ್‌ಎಸ್ ಕೊಟ್ಟೆವು, 14 ದಿನಕ್ಕೆ ಜಿಂಕ್ ಮಾತ್ರೆ ಬರೆದೆ. ಸಂಜೆಗೆ ಚೆನ್ನಾಗಿ ಉಚ್ಚೆ ಹೊಯ್ದಿತು. ಡ್ರಿಪ್ ಬೇಕಾಗಲಿಲ್ಲ. "ಇನ್ನು ಕುಡೀಲಿ ಬಿಡಿ" ಅಂದವರು ಅದೇ ಅತ್ತೆ! ಹುಷಾರಿಲ್ಲದ ಮಗು ಊಟ ಬಿಟ್ಟರೂ ಎದೆಹಾಲು ಬಿಡುವುದು ಕಡಿಮೆ. ಅದಕ್ಕೇ ಹೇಳುವುದು, ನಿಲ್ಲಿಸಬೇಡಿ.

ಈ "ನೋಡಿದವರು ನಗ್ತಾರೆ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಗುವವರು ನಡುರಾತ್ರಿ ನಿಮ್ಮ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುತ್ತಾರಾ?

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ವರ್ಷದ ಮೇಲೆ ಹಾಲೊಂದೇ ಸಾಲದು. ಅನ್ನ, ಬೇಳೆ, ಸೊಪ್ಪು, ಮೊಟ್ಟೆ ಕೊಡಿ, ಇಲ್ಲದಿದ್ದರೆ ರಕ್ತ ಕಡಿಮೆಯಾಗುತ್ತದೆ. ಕುಡಿಸುವ ತಾಯಿಯೂ ಹೊಟ್ಟೆ ತುಂಬ ಉಣ್ಣಬೇಕು. ತೋಟದ ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ 15 ತಿಂಗಳಾಗುವ ತನಕ, ಹಾಲು ಕುಡಿಸಲು ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. ಸಂಕೋಚ ಬೇಡ, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ.

ಬಿಡಿಸಲೇಬೇಕು ಅಂದರೆ ಬೇವು, ಮೆಣಸು ಹಚ್ಚಬೇಡಿ. ಮೊದಲು ಹಗಲಿನ ಒಂದು ಸಲದ್ದು ತಪ್ಪಿಸಿ. ಕೆಲವು ದಿನ ಬಿಟ್ಟು ಇನ್ನೊಂದು. ಮಗುವಿಗೆ ಜ್ವರ, ಭೇದಿ ಇರುವಾಗ ಮಾತ್ರ ಶುರು ಮಾಡಲೇಬೇಡಿ. ನಮಸ್ಕಾರ.